ಮರಳುಗಾಡಿನಲ್ಲಿ ದೂರದ ಓಟ

ಓಟದ ಸ್ಪರ್ಧೆ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ನಿಲ್ಲುವುದು, ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ನಡೆಸುವ ನೂರು ಮೀಟರಿನ ಓಟ. ಸೀಟಿ ಊದಿದ ಕೂಡಲೆ ಹೊರಟವರು ಹದಿನೈದಿಪ್ಪತ್ತು ಸೆಕೆಂಡುಗಳಲ್ಲಿ ಆಚೆಯ ಗೆರೆಯನ್ನು ಮುಟ್ಟಿಬಿಡುತ್ತಾರೆ. ಅದಕ್ಕಿಂತ ಎಷ್ಟೋ ಹಿರಿದಾದುದು ಮ್ಯಾರಥಾನ್ ಓಟ. ಅದರ ದೂರ ೪೨ ಕಿಲೋಮೀಟರು ೧೯೫ ಮೀಟರು. ೧೯೦೮ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಬಳಕೆಗೆ ಬಂದ ಈ ಅಳತೆ ೧೯೨೧ರಲ್ಲಿ ಸ್ಥಿರವಾಯಿತು. ಇದನ್ನೂ ಮೀರಿದ ದೂರವನ್ನು ಓಡುವುದಕ್ಕೆ ಅಲ್ಟ್ರಾ ಮ್ಯಾರಥಾನ್ ಎಂದು ಹೆಸರು. ಅಂಥ ಓಟಗಳಲ್ಲಿ, ಸಹಾರಾ ಮರುಭೂಮಿಯ ಅಂಚಿನಲ್ಲಿ, ಬೆನ್ನ ಮೇಲೆ ಬುತ್ತಿ ಹೊತ್ತುಕೊಂಡು, ಸುಮಾರು ೨೫೦ ಕಿಲೋಮೀಟರನ್ನು ಒಂದು ವಾರದಲ್ಲಿ ಕ್ರಮಿಸುವ ಓಟವೊಂದಿದೆ. ಫ್ರೆಂಚ್ ಭಾಷೆಯಲ್ಲಿ ಅದಕ್ಕೆ ‘ಮರಾಥೋನ್ ದೆ ಸಾಬ್ಲ್’ ಎನ್ನುತ್ತಾರೆ; ಮರಳಿನ ಮ್ಯಾರಥಾನ್ ಎಂದು ಅರ್ಥ. ಆ ಓಟ ಎಂಥದು, ಅದಕ್ಕೆ ಮನುಷ್ಯ ತನ್ನ ದೇಹವನ್ನು ಹೇಗೆ ಸಿದ್ಧಗೊಳಿಸುತ್ತಾನೆ, ಅಲ್ಲಿ ಪ್ರಾಣಕ್ಕೆ ಎರವಾಗುವ ಸಂಗತಿಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ. ಏಪ್ರಿಲ್ ಮೇ ತಿಂಗಳ ಬಿಸಿಲು ಎಂಥದೆಂಬುದನ್ನು ನಮ್ಮ ಭಾಗದ ಪಾಲಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದುದರಿಂದ ಈ ದೂರದೇಶದ ವೃತ್ತಾಂತದಲ್ಲಿ ಅವರಿಗೂ ಉಪಯೋಗದ ಮಾತು ಕೆಲವು ಸಿಕ್ಕಾವೆಂದು ನಂಬಿದ್ದೇವೆ.

ಈ ಓಟದ ಮೂಲಪುರುಷ ಪಾತ್ರಿಕ್ ಬೋವೆ ಎಂಬ ಫ್ರಾನ್ಸ್ ದೇಶದವನು. ೧೯೮೪ರಲ್ಲಿ ಆತ ಒಬ್ಬನೇ, ೩೫ ಕಿಲೋಗ್ರಾಂ ಭಾರದ ಚೀಲವನ್ನು ಬೆನ್ನಿಗೇರಿಸಿಕೊಂಡು, ಅಲ್ಜೀರಿಯಾ ದೇಶದ ಮರುಭೂಮಿಯಲ್ಲಿ ಸುಮಾರು ೩೫೦ ಕಿಲೋಮೀಟರು ನಡೆದನು. ಹನ್ನೆರಡು ದಿವಸಗಳ ಆ ಪಯಣದಲ್ಲಿ ಉಣ್ಣುವ ಅನ್ನ, ಕುಡಿಯುವ ನೀರು ಎಲ್ಲವೂ ಅವನ ಬೆನ್ನ ಮೇಲೆಯೇ ಇದ್ದವು. ತಾನು ಕಂಡುದನ್ನು ಇತರರೂ ಕಾಣಲೆಂದು ಅವನು ಮೊರಾಕ್ಕೊ ದೇಶದ ದಕ್ಷಿಣಭಾಗದಲ್ಲಿ ಸ್ಪರ್ಧೆಯೊಂದನ್ನು ಏರ್ಪಡಿಸಿದನು. ೧೯೮೬ರಲ್ಲಿ ನಡೆದ ಮೊದಲ ಸ್ಪರ್ಧೆಗೆ ಬಂದವರು ಕೇವಲ ೨೩ ಜನ. ಇತ್ತೀಚಿನ ವರ್ಷಗಳಲ್ಲಿ ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದುಂಟು. ಬಹುಮಾನದ ಆಸೆಯಿಂದ ಬರುವವರು ಅವರಲ್ಲಿ ಬೆರಳೆಣಿಕೆಯವರು; ಗುರಿ ಮುಟ್ಟಿದರೆ ಸಾಕೆಂದು ಬರುವವರೇ ಬಹಳ. ಅವರಲ್ಲಿ ಅರ್ಧಕ್ಕರ್ಧ ದಾರಿಯನ್ನು ನಡೆದೇ ಸಾಗಿಸುವವರು ಅನೇಕರಿರುವುದರಿಂದ ಇದನ್ನು ಓಟವೆನ್ನುವುದಕ್ಕಿಂತ ದಂಡಯಾತ್ರೆ ಎಂದರೂ ತಪ್ಪಾಗದು.

ಮರುಭೂಮಿ ಎಂದರೆ ಬರಿಯ ಮರಳೆಂದು ನಮ್ಮ ಮಕ್ಕಳು ತಿಳಿದಿರುವುದುಂಟು. ಸಹಾರಾದ ವಿಸ್ತೀರ್ಣ ಸುಮಾರು ೯೦ ಲಕ್ಷ ಚದರ ಕಿಲೋಮೀಟರು. ಅದರಲ್ಲಿ ಮರಳು ಮುಚ್ಚಿದ ನೆಲ ಐದರಲ್ಲಿ ಒಂದು ಪಾಲು ಇದ್ದೀತು, ಅಷ್ಟೆ. ಉಳಿದುದು ಕಲ್ಲುಹಾಸಿನ ಬಯಲು, ಹರಳುಗಲ್ಲಿನ ನೆಲ, ಬೋಳುಗುಡ್ಡ, ಒಣಗಿದ ಹೊಳೆಯ ಪಾತ್ರ. ಅಲ್ಲಿಯವರು ಕಲ್ಲಿನ ಬಯಲಿಗೆ ಹಮಾದಾ ಎಂದೂ, ಮರಳುದಿಬ್ಬಗಳ ಸಮೂಹಕ್ಕೆ ಎರ್ಗ್ ಎಂದೂ, ಒಣಹೊಳೆಗೆ ವಾದಿ ಎಂದೂ ಹೆಸರಿಟ್ಟಿದ್ದಾರೆ. ಮೆರ್ಜೂಗಾ ಎಂಬ ಊರ ಬಳಿಯ ಎರ್ಗ್ ಶೆಬ್ಬಿಯಲ್ಲಿ ನೂರೈವತ್ತು ಮೀಟರಿನವರೆಗೆ ಎದ್ದುನಿಂತ ದಿಬ್ಬಗಳಿವೆ. ಓಡುವವನಿಗೆ ಇವೆಲ್ಲವೂ ಬೇರೆ ಬೇರೆ ಶತ್ರುಗಳಿದ್ದಂತೆ. ಕಲ್ಲುನೆಲ ಹಿಮ್ಮಡಿಯನ್ನು ನೋಯಿಸುತ್ತದೆ, ಹೆಬ್ಬೆರಳಿನ ಉಗುರನ್ನು ಕೀಳುತ್ತದೆ. ಮರಳು ಕಾಲಿನ ಬಲವನ್ನೇ ಹೀರುತ್ತದೆ. ಗಟ್ಟಿ ನೆಲವನ್ನು ಒತ್ತಿದರೆ ಆ ಒತ್ತಡ ನಮ್ಮನ್ನು ಮುಂದಕ್ಕೆ ನೂಕುವುದು. ಮರಳನ್ನು ಒತ್ತಿದರೆ ಮರಳೇ ಹಿಂದಕ್ಕೆ ಸರಿಯುವುದು. ಗಟ್ಟಿ ನೆಲದ ಮೇಲೆ ನಡೆಯಲು ಬೇಕಾಗುವುದಕ್ಕಿಂತ ಎರಡರಿಂದ ಎರಡೂವರೆ ಪಟ್ಟು ಶಕ್ತಿ ಮೆತ್ತನೆಯ ಮರಳಿನಲ್ಲಿ ನಡೆಯಲು ಬೇಕೆಂದೂ, ಓಡಲು ಒಂದೂವರೆ ಪಟ್ಟಿಗೂ ಮೀರಿ ಬೇಕೆಂದೂ ಅಳೆದು ನೋಡಿದ ವಿಜ್ಞಾನಿಗಳು ಹೇಳುತ್ತಾರೆ.

ಸ್ಪರ್ಧೆಯ ನಿಯಮಗಳು ಕಟ್ಟುನಿಟ್ಟಾದವು. ಒಂದು ವಾರಕ್ಕೆ ಬೇಕಾದ ಆಹಾರ, ಹಾಸಿಗೆಚೀಲ, ಬಟ್ಟೆಬರೆ ಎಲ್ಲವನ್ನೂ ಸ್ಪರ್ಧಾಳು ತಾನೇ ಹೊರಬೇಕು. ನೀರನ್ನೂ ಬಯಲಿನಲ್ಲಿ ಮಲಗಲು ಒಂದು ಡೇರೆಯನ್ನೂ ಮಾತ್ರ ವ್ಯವಸ್ಥಾಪಕರು ಒದಗಿಸುತ್ತಾರೆ. ಒಂದು ಡೇರೆಗೆ ಎಂಟು ಜನ. ನೀರನ್ನು ಹೊರತುಪಡಿಸಿ ಚೀಲದ ಭಾರ ಆರೂವರೆ ಕಿಲೋಗ್ರಾಮಿಗೆ ಕಡಿಮೆಯಾಗಬಾರದು, ಹದಿನೈದಕ್ಕೆ ಹೆಚ್ಚಾಗಬಾರದು. ಚೀಲದಲ್ಲಿ ದಿಕ್ಸೂಚಿ, ಸೀಟಿ, ಚಾಕು, ಹಣೆಗೆ ಕಟ್ಟುವ ದೀಪ, ಸಂಕೇತ ಕೊಡಲು ಕನ್ನಡಿ, ಗಾಯಕ್ಕೆ ಹಚ್ಚುವ ಔಷಧ, ಹಾವುಚೇಳು ಕಡಿದರೆ ನಂಜು ಹೀರುವ ಸಣ್ಣ ಪಂಪು ಇರಲೇಬೇಕು. ಹೃದಯದ ಬಡಿತವನ್ನು ಯಂತ್ರದಿಂದ ಬರೆಯಿಸಿದ ಪಟವನ್ನೂ ವೈದ್ಯನ ಪತ್ರವನ್ನೂ ತೋರಿಸದವನಿಗೆ ಹೊರಡುವ ಗೆರೆಯ ಬಳಿಗೂ ಪ್ರವೇಶವಿಲ್ಲ. ಭಾರವನ್ನು ಇಳಿಸಲು ಈ ಜನರು ಮಾಡುವ ಉಪಾಯಗಳನ್ನು ಕೇಳಿದರೆ ನಗೆ ಬರುತ್ತದೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸುವವರಿದ್ದಾರೆ. ಅಂಗಿಯ ಕೊರಳಪಟ್ಟಿಗೆ ಹೊಲಿದ ಹೆಸರಿನ ಚೀಟಿಯನ್ನು ಬಿಚ್ಚಿ ಎಸೆಯುವವರೂ ಇದ್ದಾರೆ. ಆದರೆ ಎರಡೂವರೆ ಲಕ್ಷ ಮೀಟರು ಹೊರಬೇಕಾದ ಭಾರ ಒಂದು ತೊಲೆ ಕಡಿಮೆಯಾದರೂ ಲಾಭವೇ ಅಲ್ಲವೆ?

ಆಹಾರದ ಲೆಕ್ಕವನ್ನು ನಮ್ಮ ಮೇಲ್ತರಗತಿಯ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಒಂದು ಕಿಲೋಗ್ರಾಂ ದೇಹಭಾರವನ್ನು ಒಂದು ಕಿಲೋಮೀಟರು ಓಡಿಸಲು ಸುಮಾರು ಒಂದು ಕ್ಯಾಲರಿ (ಆಹಾರಶಾಸ್ತ್ರದವರ ದೊಡ್ಡ ಕ್ಯಾಲರಿ) ವೆಚ್ಚವಾಗುತ್ತದೆ. ಅರವತ್ತು ಕಿಲೋಗ್ರಾಂ ತೂಕದವನು ೨೫೦ ಕಿಲೋಮೀಟರು ಓಡಿದರೆ ೧೫,೦೦೦ ಕ್ಯಾಲರಿ ಆಯಿತು. ಸುಮ್ಮನೆ ಬದುಕಿರುವುದಕ್ಕೇ ದೇಹಕ್ಕೆ ದಿನವೊಂದಕ್ಕೆ ೧,೫೦೦ರಷ್ಟು ಬೇಕು; ಏಳು ದಿವಸಕ್ಕೆ ೧೦,೫೦೦. ಎರಡನ್ನೂ ಕೂಡಿಸಿದರೆ ೨೫,೫೦೦. ಇದರಲ್ಲಿ ಬೆನ್ನಿನ ಭಾರವನ್ನೂ ಮರಳಿನ ಸುಂಕವನ್ನೂ ನಾವಿನ್ನೂ ಸೇರಿಸಿಲ್ಲ. ನಿಯಮದಂತೆ ದಿನಕ್ಕೆ ೨,೦೦೦ ಕ್ಯಾಲರಿಗೆ ಕಡಿಮೆಯಾಗದ ಆಹಾರವನ್ನು ಹೊತ್ತರೆ ಏಳು ದಿನಕ್ಕೆ ೧೪,೦೦೦ ಮಾತ್ರ. ಕೊರತೆಯನ್ನು ತುಂಬುವುದು ಮೈಯೊಳಗಿನ ಕೊಬ್ಬು. ಇಷ್ಟನ್ನೂ ಹೊರುವುದಾದರೂ ಹೇಗೆ? ಹಿಟ್ಟು ಸಕ್ಕರೆಗಳ ಒಂದು ಗ್ರಾಮಿನಲ್ಲಿ ನಾಲ್ಕು ಕ್ಯಾಲರಿಯಾದರೆ ಎಣ್ಣೆ ತುಪ್ಪಗಳ ಒಂದು ಗ್ರಾಮಿನಲ್ಲಿ ಒಂಬತ್ತು. ಆದುದರಿಂದ ಅವರು ನೀರಿನ ಅಂಶ ತೆಗೆದು ಒಣಗಿಸಿದ ಅಡುಗೆಯನ್ನೂ ಬಾದಾಮಿ ಮುಂತಾದ ಎಣ್ಣೆಬೀಜಗಳನ್ನೂ ಕಟ್ಟಿಕೊಳ್ಳುತ್ತಾರೆ. ನಮ್ಮ ಹಿರಿಯರು ದೂರದ ಜಾತ್ರೆಗೆ ನಡೆದು ಹೊರಟಾಗ ಶೇಂಗಾದ ಹೋಳಿಗೆಯನ್ನೂ ಒಣ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಗಂಟು ಕಟ್ಟುತ್ತಿದ್ದುದು ಈ ಲೆಕ್ಕವನ್ನು ಓದಿ ಅಲ್ಲ; ಆದರೂ ಲೆಕ್ಕ ಅದೇ. ಕೆಡದ ವಸ್ತು, ಕಡಿಮೆ ಭಾರ, ಹೆಚ್ಚು ಕಸುವು. ನೂರು ಗ್ರಾಂ ಶೇಂಗಾದಲ್ಲಿ ೫೬೦ ಕ್ಯಾಲರಿಗೂ ಮಿಕ್ಕಿ ಇರುತ್ತದೆ.

ಸಿದ್ಧತೆ ಆರು ತಿಂಗಳೋ ವರ್ಷವೋ ಹಿಡಿಯುತ್ತದೆ. ವಾರವಾರಕ್ಕೂ ದೂರವನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಉಸಿರು ಬೇಗ ಪಳಗುತ್ತದೆ. ಎಲುಬು ಮತ್ತು ನರಕಟ್ಟುಗಳು ಪಳಗುವುದು ತಡ. ಆತುರಪಟ್ಟವರು ಮರುಭೂಮಿಯನ್ನು ಕಾಣುವ ಮೊದಲೇ ಆಸ್ಪತ್ರೆಯನ್ನು ಕಾಣುತ್ತಾರೆ. ಇಂದು ದೂರ ಓಡಿ, ನಾಳೆ ದಣಿದ ಕಾಲಿನಿಂದಲೇ ಮತ್ತೆ ಓಡುವ ಅಭ್ಯಾಸವೂ ಬೇಕು, ಏಕೆಂದರೆ ಅಲ್ಲಿ ಒಂದು ದಿನದ ಓಟವಲ್ಲ. ಖಾಲಿ ಬೆನ್ನಿನಿಂದ ಓಡಿ ಕಲಿತವನು ಚೀಲ ಹೇರಿದೊಡನೆ ಬೇರೆಯೇ ಮನುಷ್ಯನಾಗುತ್ತಾನೆ. ಆದುದರಿಂದ ಚೀಲವನ್ನು ಹೊತ್ತೇ ಅಭ್ಯಾಸ ಮಾಡುತ್ತಾರೆ. ಕಾಲ್ಮರೆಯೂ ಹಾಗೆಯೆ. ಬಿಸಿಲಿನಲ್ಲಿ ಪಾದಗಳು ಊದಿಕೊಳ್ಳುವುದರಿಂದ ಒಂದು ಅಳತೆ ದೊಡ್ಡದಾದ ಬೂಟುಗಳನ್ನು ಕೊಂಡು, ಒಳಗೆ ಮರಳು ನುಗ್ಗದಂತೆ ಅವುಗಳ ಸುತ್ತ ತೆಳುವಾದ ಗಟ್ಟಿ ಬಟ್ಟೆಯ ಮುಸುಕನ್ನು ಹೊಲಿಸುತ್ತಾರೆ. ಒಂದು ಚಿಟಿಕೆ ಮರಳು ಒಳಗೆ ಸೇರಿದರೆ ಸಾಯಂಕಾಲಕ್ಕೆ ಅಂಗಾಲೆಲ್ಲ ಬೊಬ್ಬೆ. ಈ ಸ್ಪರ್ಧೆಯ ವೈದ್ಯರಿಗೆ ಅತಿ ಹೆಚ್ಚಿನ ಕೆಲಸ ಬೀಳುವುದು ಹೃದಯರೋಗದಿಂದಲ್ಲ, ಬೊಬ್ಬೆಗಳಿಂದ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಬಿಸಿಲಿನಲ್ಲಿ ದೇಹ ಬದುಕುವುದು ಹೇಗೆ? ಓಡುವವನ ದೇಹದಲ್ಲಿ ವೆಚ್ಚವಾಗುವ ಶಕ್ತಿಯ ಮುಕ್ಕಾಲು ಪಾಲು ಕೆಲಸವಾಗದೆ ಶಾಖವಾಗಿ ಹೊರಬೀಳುತ್ತದೆ. ನಾವು ಮೇಲೆ ಹೇಳಿದ ಅರವತ್ತು ಕಿಲೋಗ್ರಾಂ ತೂಕದವನು ಗಂಟೆಗೆ ಎಂಟು ಕಿಲೋಮೀಟರಿನಂತೆ ಓಡಿದರೆ ೪೮೦ ಕ್ಯಾಲರಿ ವ್ಯಯವಾಗಿ, ಅದರಲ್ಲಿ ೩೬೦ರಷ್ಟು ಶಾಖವಾಗುತ್ತದೆ. ಇದನ್ನು ಹೊರಹಾಕದಿದ್ದರೆ ದೇಹದ ಉಷ್ಣಮಾನ ಒಂದು ಗಂಟೆಯೊಳಗೆ ಪ್ರಾಣಾಪಾಯದ ಮಟ್ಟವನ್ನು ಮುಟ್ಟೀತು. ಸುತ್ತಲಿನ ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಶಾಖ ಗಾಳಿಗೆ ಹೋಗುವುದು. ಚರ್ಮದ ಉಷ್ಣಮಾನ ಸುಮಾರು ೩೫ ಡಿಗ್ರಿ. ಮರುಭೂಮಿಯಲ್ಲಿ ಹಗಲು ೪೫ ಡಿಗ್ರಿಯನ್ನು ದಾಟುವುದುಂಟು. ಆಗ ಗಾಳಿಯೇ ದೇಹವನ್ನು ಕಾಯಿಸತೊಡಗುತ್ತದೆ. ಉಳಿದಿರುವ ಉಪಾಯ ಬೆವರೊಂದೇ. ಒಂದು ಲೀಟರು ಬೆವರು ಆವಿಯಾದರೆ ಸುಮಾರು ೫೮೦ ಕ್ಯಾಲರಿ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ. ಬೆವರು ಆವಿಯಾಗದೆ ತೊಟ್ಟಿಕ್ಕಿದರೆ ತಂಪು ಸಿಗದು. ಅದಕ್ಕಾಗಿಯೇ ಕಾಸರಗೋಡಿನ ಕಡಲ ತೀರದಲ್ಲಿ ೩೪ ಡಿಗ್ರಿಯೂ ಅಸಹನೀಯವೆನಿಸುತ್ತದೆ. ಮರುಭೂಮಿಯ ಒಣಗಾಳಿ ಈ ದೃಷ್ಟಿಯಿಂದ ಮಿತ್ರ. ಆದರೆ ಅದು ಕಪಟ ಮಿತ್ರ. ಬೆವರು ಹುಟ್ಟಿದೊಡನೆ ಆವಿಯಾಗುವುದರಿಂದ ಅಂಗಿ ಒದ್ದೆಯಾಗುವುದೇ ಇಲ್ಲ. ತನ್ನ ಮೈಯಿಂದ ಗಂಟೆಗೆ ಒಂದು ಲೀಟರು ನೀರು ಹೋಗುತ್ತಿದೆಯೆಂಬುದು ಓಡುವವನಿಗೆ ತಿಳಿಯುವುದೂ ಇಲ್ಲ.

ದೇಹಕ್ಕೆ ಬಿಸಿಲನ್ನು ಕಲಿಸಬಹುದು. ಇದು ಆಶ್ಚರ್ಯಕರವಾದ ಸಂಗತಿ. ಒಂದರಿಂದ ಎರಡು ವಾರ, ದಿನಾಲೂ ಗಂಟೆಯಷ್ಟು ಕಾಲ ಬಿಸಿಯಲ್ಲಿ ಶ್ರಮಿಸಿದರೆ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗನೆ ಹುಟ್ಟುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ಕೆಲಸಕ್ಕೆ ಹೃದಯದ ಬಡಿತ ಇಳಿಯುತ್ತದೆ. ಇಂಗ್ಲೆಂಡಿನಂಥ ತಣ್ಣನೆಯ ನಾಡಿನವರು ಕಾಯಿಸಿದ ಕೋಣೆಗಳಲ್ಲಿ ಓಡಿ, ಬಿಸಿನೀರಿನ ತೊಟ್ಟಿಯಲ್ಲಿ ಕುಳಿತು ಈ ಪಾಠವನ್ನು ಕಲಿಯುತ್ತಾರೆ. ಬಿಸಿಲನ್ನು ಬಿಟ್ಟು ಕೆಲವು ವಾರ ಕಳೆದರೆ ದೇಹ ಅದನ್ನು ಮರೆತುಬಿಡುತ್ತದೆ. ಬೇಸಗೆಯ ಮೊದಲ ವಾರದಲ್ಲಿ ಹೊಲದ ಕೆಲಸ ಕಷ್ಟವೆನಿಸಿ, ಮೂರನೆಯ ವಾರದಲ್ಲಿ ಅಷ್ಟು ಕಷ್ಟವೆನಿಸದಿರುವುದಕ್ಕೆ ಇದೇ ಕಾರಣ. ಪಟ್ಟಣದಿಂದ ರಜೆಗೆ ಬಂದ ಮಗನನ್ನು ಬಂದ ದಿನವೇ ನಡುಹಗಲಿನಲ್ಲಿ ಹೊಲಕ್ಕೆ ಕಳಿಸುವ ಪಾಲಕರು ಇದನ್ನು ಗಮನಿಸಬೇಕು.

ನೀರಿನ ವಿಷಯದಲ್ಲಿ ಜನಸಾಮಾನ್ಯರ ತಿಳಿವಳಿಕೆ ಅರ್ಧ ಸರಿ, ಅರ್ಧ ತಪ್ಪು. ನೀರು ಸಾಲದಿದ್ದರೆ ಅಪಾಯವೆಂಬುದು ಎಲ್ಲರಿಗೂ ಗೊತ್ತು. ಬರಿಯ ನೀರು ಅತಿಯಾದರೂ ಅಪಾಯವೇ. ಬೆವರಿನೊಡನೆ ಉಪ್ಪೂ ಹೋಗಿರುತ್ತದೆ. ಉಪ್ಪನ್ನು ತುಂಬದೆ, ನೀರಡಿಕೆಗೆ ಮೀರಿ ಲೀಟರುಗಟ್ಟಲೆ ನೀರನ್ನೇ ಸುರಿದುಕೊಂಡರೆ ರಕ್ತದ ಉಪ್ಪು ತಿಳಿಯಾಗಿ, ಮಿದುಳು ಊದಿಕೊಂಡು, ತಲೆನೋವು, ವಾಂತಿ, ಭ್ರಮೆ, ಕೊನೆಗೆ ಮೂರ್ಛೆಯೂ ಬರಬಹುದು. ಇದನ್ನರಿತೇ ಮರಳಿನ ಮ್ಯಾರಥಾನಿನಲ್ಲಿ ನೀರಿನ ಜೊತೆಗೆ ಉಪ್ಪಿನ ಗುಳಿಗೆಗಳನ್ನು ಹಂಚುತ್ತ ಬಂದಿದ್ದಾರೆ. ಬಹುಕಾಲ ಅಲ್ಲಿ ನೀರನ್ನು ಅಳತೆಯಿಂದ ಕೊಡುತ್ತಿದ್ದರು. ಸೀಸೆಯ ಮೇಲೆ ಸ್ಪರ್ಧಾಳುವಿನ ಸಂಖ್ಯೆ ಬರೆದಿರುತ್ತಿದ್ದುದರಿಂದ ಖಾಲಿ ಸೀಸೆಯನ್ನು ಮರುಭೂಮಿಯಲ್ಲಿ ಎಸೆದವನು ಸಿಕ್ಕಿಬೀಳುತ್ತಿದ್ದನು, ದಂಡವನ್ನೂ ತೆರುತ್ತಿದ್ದನು. ನಮ್ಮ ಜಾತ್ರೆಗಳಲ್ಲಿಯೂ ಈ ಪದ್ಧತಿ ಬಂದರೆ ಲೇಸೆಂದು ನಮಗೆ ಅನ್ನಿಸದಿರಲಿಲ್ಲ.

ಬಿಸಿಲಿನ ಹೊಡೆತ ಕೊಲ್ಲಬಲ್ಲುದು. ೨೦೨೧ರ ಸ್ಪರ್ಧೆ ಎಂದಿನ ವಸಂತಕಾಲದ ಬದಲು ಅಕ್ಟೋಬರ್ ತಿಂಗಳಲ್ಲಿ ನಡೆಯಿತು. ಆ ವರ್ಷ ವಿಪರೀತ ಬಿಸಿಲಿನ ಜೊತೆಗೆ ಶಿಬಿರದಲ್ಲಿ ವಾಂತಿಭೇದಿಯೂ ಹರಡಿ, ಹೊರಟವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ನಡುವೆಯೇ ಬಿಟ್ಟುಕೊಟ್ಟರು. ಫ್ರಾನ್ಸ್ ದೇಶದ ಒಬ್ಬ ಅನುಭವಿ ಓಟಗಾರ ಮರಳುದಿಬ್ಬಗಳಲ್ಲಿ ಕುಸಿದು ತೀರಿಕೊಂಡನು. ಆದುದರಿಂದ ಲಕ್ಷಣಗಳನ್ನು ಎಲ್ಲರೂ ಅರಿತಿರಬೇಕು. ಬಿಸಿಲಿನಲ್ಲಿ ದುಡಿಯುವವನು ಅಸಂಬದ್ಧವಾಗಿ ಮಾತನಾಡತೊಡಗಿದರೆ, ತೂರಾಡಿದರೆ, ಮೈ ಕೆಂಡದಂತೆ ಕಾದಿದ್ದರೆ ಅದು ಬರಿಯ ದಣಿವಲ್ಲ. ಬೆವರು ಇರಲಿ, ಇಲ್ಲದಿರಲಿ, ತಡಮಾಡಬಾರದು. ಅವನನ್ನು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಯೆಲ್ಲ ತಣ್ಣೀರಿನಿಂದ ತೋಯಿಸಿ ಗಾಳಿ ಬೀಸಬೇಕು. ಅನುಕೂಲವಿದ್ದರೆ ಕೊರಳವರೆಗೆ ನೀರಿನ ತೊಟ್ಟಿಯಲ್ಲಿ ಕೂಡಿಸಿ ಆಸರೆಯಾಗಿ ಹಿಡಿದಿರಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು. ತಂಪು ಮಾಡುತ್ತಲೇ ವೈದ್ಯನನ್ನು ಕರೆಸಬೇಕು. ಕರೆಸಿದ ಮೇಲೆ ತಂಪು ಮಾಡೋಣವೆಂದು ಕಾಯುವುದು ಸಲ್ಲದು.

ದಾರಿ ತಪ್ಪುವುದು ಇನ್ನೊಂದು ಗಂಡಾಂತರ. ೧೯೯೪ರಲ್ಲಿ ಮಾವ್ರೊ ಪ್ರೋಸ್ಪೆರಿ ಎಂಬ ಇಟಲಿಯ ಪೋಲೀಸು ಅಧಿಕಾರಿ ಈ ಸ್ಪರ್ಧೆಯಲ್ಲಿದ್ದನು. ನಾಲ್ಕನೆಯ ಹಂತದ ದೀರ್ಘ ಓಟದಂದು ಮರಳಿನ ಬಿರುಗಾಳಿ ಎದ್ದಿತು. ಗಾಳಿ ಎದ್ದರೆ ಇದ್ದಲ್ಲಿಯೇ ನಿಲ್ಲಬೇಕೆಂಬುದು ನಿಯಮ. ತನ್ನ ಸ್ಥಾನ ಕೈತಪ್ಪೀತೆಂದು ಅವನು ನಿಲ್ಲದೆ ಮುನ್ನಡೆದನು. ಬೆಳಗಾದಾಗ ಸುತ್ತಲೂ ದಿಬ್ಬಗಳಲ್ಲದೆ ಮತ್ತೇನೂ ಇರಲಿಲ್ಲ. ಮೇಲೆ ಹಾದ ಹೆಲಿಕಾಪ್ಟರಿಗೆ ಬೆಳಕಿನ ಬಾಣ ಹಾರಿಸಿದರೂ ಅದು ಅವನನ್ನು ಕಾಣಲಿಲ್ಲ. ಪಾಳುಬಿದ್ದ ಸಂತನ ಗೋರಿಯೊಂದರಲ್ಲಿ ಆಶ್ರಯ ಪಡೆದು, ಅಲ್ಲಿಯ ಬಾವಲಿಗಳನ್ನು ಹಿಡಿದು ತಿಂದು ಪ್ರಾಣ ಹಿಡಿದನು. ದಾರಿ ತಪ್ಪಿದರೆ ಮುಂಜಾನೆ ದಿಗಂತದಲ್ಲಿ ಕಾಣುವ ಮೋಡಗಳತ್ತ ನಡೆ ಎಂದು ಮರುಭೂಮಿಯ ಅಲೆಮಾರಿಗಳು ಮೊದಲೇ ಹೇಳಿದ್ದ ಮಾತು ನೆನಪಾಯಿತು. ಹಗಲಿನ ಬಿಸಿಲಿನಲ್ಲಿ ನೆರಳು ಹಿಡಿದು, ತಂಪು ಹೊತ್ತಿನಲ್ಲಿ ಮಾತ್ರ ನಡೆದನು. ಒಂಬತ್ತು ದಿವಸಗಳ ತರುವಾಯ ಆಡು ಕಾಯುವ ಅಲೆಮಾರಿ ಕುಟುಂಬವೊಂದು ಅವನನ್ನು ಕಂಡು ಉಪಚರಿಸಿತು. ಆಗ ಅವನಿದ್ದುದು ಗಡಿಯಾಚೆ, ಅಲ್ಜೀರಿಯಾ ದೇಶದಲ್ಲಿ! ಅವನ ತೂಕ ಹದಿನೈದು ಕಿಲೋಗ್ರಾಮಿಗೂ ಮಿಕ್ಕಿ ಇಳಿದಿತ್ತು. ಅವನ ಸಾಹಸವನ್ನು ಹೊಗಳುವವರು ಬಹಳ ಜನ. ನಮಗಾದರೋ ಆ ಅಲೆಮಾರಿಗಳ ಒಂದು ಸಾಲಿನ ಉಪದೇಶವೇ ಹೆಚ್ಚಿನದಾಗಿ ತೋರುತ್ತದೆ. ಈಗ ಪ್ರತಿಯೊಬ್ಬನ ಜೊತೆಗೂ ಅವನಿರುವ ಸ್ಥಳವನ್ನು ಉಪಗ್ರಹದ ಮೂಲಕ ತಿಳಿಸುವ ಸಣ್ಣ ಯಂತ್ರವಿರುತ್ತದೆ. ಪ್ರೋಸ್ಪೆರಿ ಮುಂದೆ ಕೆಲವು ವರ್ಷಗಳಲ್ಲಿ ಮತ್ತೆ ಅದೇ ಓಟಕ್ಕೆ ಬಂದನೆಂದರೆ ಮನುಷ್ಯಸ್ವಭಾವಕ್ಕೆ ಏನೆನ್ನಬೇಕೋ ತಿಳಿಯದು.

ಮರುಭೂಮಿಯಲ್ಲಿ ಮಳೆಯೂ ಬರುವುದುಂಟು. ೨೦೦೯ರಲ್ಲಿ ಮಳೆ ಸುರಿದು ಒಣಹೊಳೆಗಳು ಉಕ್ಕಿ, ಮೊದಲ ಹಂತವನ್ನೇ ಕೈಬಿಡಬೇಕಾಯಿತು.

ಗೆಲ್ಲುವವರು ಯಾರು? ಹೆಚ್ಚಾಗಿ ಆ ನೆಲದ ಮಕ್ಕಳೇ. ಝಗೋರಾ ಪ್ರಾಂತದ ಲಹ್ಸೆನ್ ಅಹನ್ಸಾಲ್ ಹತ್ತು ಸಲ ಗೆದ್ದಿದ್ದಾನೆ, ಅವನ ತಮ್ಮ ಮೊಹಮದ್ ಐದು ಸಲ. ಅವರ ನಂತರ ಅದೇ ನಾಡಿನ ರಶೀದ್ ಎಲ್ ಮೊರಾಬಿತಿ ವರ್ಷ ವರ್ಷವೂ ಗೆಲ್ಲುತ್ತ ಬಂದನು. ದುಬಾರಿಯ ಬೂಟು, ಕಾಯಿಸಿದ ಕೋಣೆ ಇವುಗಳಿಂದ ಬರದ ವಿದ್ಯೆಯೊಂದು ಇವರಲ್ಲಿದೆ. ದಿಬ್ಬವನ್ನು ನೇರವಾಗಿ ಏರದೆ, ಗಾಳಿ ಬಿಗಿದು ಗಟ್ಟಿಮಾಡಿದ ಮರಳಿನ ಏಣನ್ನು ಕಣ್ಣಿನಿಂದಲೇ ಗುರುತಿಸಿ ಅದರ ಮೇಲೆ ಸಾಗುವುದು ಅವರಿಗೆ ಬಾಲ್ಯದಿಂದ ಬಂದ ಪಾಠ.

ಬೆಳೆಯುವ ವಯಸ್ಸಿನ ಮಕ್ಕಳು ಇಂಥ ಓಟವನ್ನು ಅನುಕರಿಸಲು ಹೊರಡುವುದು ನಮಗೆ ಸಮ್ಮತವಲ್ಲ. ಮುಂಜಾನೆಯ ತಂಪಿನಲ್ಲಿ ಎರಡು ಮೂರು ಕಿಲೋಮೀಟರು ಓಡಿದರೆ ಅವರಿಗೆ ಧಾರಾಳವಾಯಿತು. ಶಾಲೆಗಳ ಕ್ರೀಡಾಕೂಟಗಳನ್ನು ನಡುಹಗಲಿನವರೆಗೆ ಎಳೆಯುವ ರೂಢಿ ಹಲವೆಡೆ ಇದೆ. ಅತಿಥಿಗಳ ಭಾಷಣಕ್ಕಾಗಿ ಹುಡುಗರನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸುವುದೂ ಉಂಟು. ಮೇಲೆ ಹೇಳಿದ ಶಾಖದ ಲೆಕ್ಕವನ್ನು ಓದಿದ ಬಳಿಕ ಈ ಎರಡನ್ನೂ ನಿಲ್ಲಿಸಬೇಕೆಂದು ಕೇಳಿಕೊಳ್ಳುವ ಹಕ್ಕು ಪಾಲಕರಿಗಿದೆ.

ವಾರದ ಎಲ್ಲ ಹಂತಗಳಲ್ಲಿ ಕಠಿಣವಾದುದು ಎಂಬತ್ತು ಕಿಲೋಮೀಟರಿನ ಆಸುಪಾಸಿನ ದೀರ್ಘ ಹಂತ. ಮೊದಲಿಗರು ಹೊತ್ತು ಮುಳುಗುವ ಮೊದಲೇ ಮುಗಿಸುತ್ತಾರೆ. ಹಿಂದುಳಿದವರು ರಾತ್ರಿಯೆಲ್ಲ ಹಣೆಯ ದೀಪದ ಬೆಳಕಿನಲ್ಲಿ ನಡೆಯುತ್ತಾರೆ, ಮರುದಿನವೂ ನಡೆಯುತ್ತಿರುತ್ತಾರೆ. ಹಗಲೆಲ್ಲ ಬೆಂದ ಬಯಲಿನಲ್ಲಿ ರಾತ್ರಿ ಚಳಿ ಕೊರೆಯುತ್ತದೆ. ಎಲ್ಲರಿಗಿಂತ ಹಿಂದೆ ಎರಡು ಒಂಟೆಗಳು ತಮ್ಮ ಮಾವುತರೊಡನೆ ನಿಧಾನವಾಗಿ ಬರುತ್ತವೆ. ಒಂಟೆಗಳು ಯಾರನ್ನು ದಾಟಿ ಮುಂದೆ ಹೋಗುವವೋ ಅವನ ಓಟ ಅಲ್ಲಿಗೆ ಮುಗಿಯಿತು. ಆ ದಿವಸ ಶಿಬಿರದಲ್ಲಿ ಓಟವಿಲ್ಲ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವರು ಡೇರೆಯ ನೆರಳಿನಲ್ಲಿ ಮಲಗಿರುತ್ತಾರೆ. ದೂರದಲ್ಲಿ ಒಂಟೆಗಳ ತಲೆ ಕಂಡಾಗ, ಅವುಗಳ ಮುಂದೆ ಕುಂಟುತ್ತ ಬರುತ್ತಿರುವ ಕೊನೆಯ ಮನುಷ್ಯನನ್ನು ಎದುರುಗೊಳ್ಳಲು ಅವರೆಲ್ಲರೂ ಎದ್ದು ಗೆರೆಯ ಬಳಿಗೆ ಹೋಗಿ, ಅವನು ಅದನ್ನು ದಾಟುವವರೆಗೂ ಚಪ್ಪಾಳೆ ತಟ್ಟುತ್ತ ನಿಲ್ಲುತ್ತಾರೆ.